ಎಸ್‌ಡಿ ತಾಳೆ ಆಗುತ್ತಿಲ್ಲವಾ? ತಪ್ಪು ಉತ್ತರವನ್ನೇ ಮೊದಲು ಓದಿ

ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅಂತ ಅಳೆಯುವ ಮಾನಕ ವಿಚಲನೆಯ (ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಎಸ್‌ಡಿ) ಲೆಕ್ಕ ತಾಳೆ ಆಗದಿದ್ದಾಗ ಬಹಳ ಜನ ಹಾಳೆ ತಿರುವಿ ಮೊದಲಿಂದ ಶುರು ಮಾಡುತ್ತಾರೆ. ಎರಡನೇ ಸಲವೂ ಅದೇ ತಪ್ಪು, ಅದೇ ಉತ್ತರ. ಆಮೇಲೆ ಪುಸ್ತಕದ ಉತ್ತರವೇ ತಪ್ಪು ಅಂತ ತೀರ್ಮಾನ. ಪುಸ್ತಕದ್ದು ನಿಜವಾಗಿಯೂ ತಪ್ಪಿರುವುದೂ ಉಂಟು, ಆ ಮಾತು ಕೊನೆಗೆ. ಆದರೆ ಐದಾರು ಅಂಕಿಗಳ ಸಣ್ಣ ಲೆಕ್ಕದಲ್ಲಿ ಒಂದು ಅನುಕೂಲ ಇದೆ. ಒಂದೊಂದು ತಪ್ಪಿಗೂ ಒಂದೊಂದು ಉತ್ತರ ಬರುತ್ತದೆ. ವರ್ಗಮೂಲ ಮರೆತರೆ ಒಂದು, ಭಾಗಿಸುವ ಸಂಖ್ಯೆ ತಪ್ಪಿದರೆ ಇನ್ನೊಂದು, ಕ್ಯಾಲ್ಕುಲೇಟರಿನಲ್ಲಿ ಹಳೇ ಅಂಕಿ ಉಳಿದಿದ್ದರೆ ಮತ್ತೊಂದು. ಹಾಗಾಗಿ ಕೈಯಲ್ಲಿರುವ ತಪ್ಪು ಉತ್ತರವನ್ನು ಅಳಿಸಬೇಡಿ. ಎಲ್ಲಿ ಎಡವಿದ್ದೀರಿ ಅಂತ ಅದೇ ಹೇಳುತ್ತದೆ.

ಬಿ.ಕಾಂ, ಬಿ.ಎಸ್ಸಿ ಓದುವವರಿಗೂ ಮಂಡಿಯಲ್ಲಿ ಲೆಕ್ಕ ಬರೆಯುವವರಿಗೂ ಸೇರಿಸಿಯೇ ಇದನ್ನು ಬರೆಯುತ್ತಿದ್ದೇನೆ. ದಾವಣಗೆರೆಯಲ್ಲಿ ಈ ಇಬ್ಬರೂ ಎಷ್ಟೋ ಸಲ ಒಂದೇ ಮನೆಯಲ್ಲಿ ಇರುತ್ತಾರೆ, ಅಲ್ವಾ? ಅಪ್ಪ ಎಪಿಎಂಸಿ ಯಾರ್ಡಿನಲ್ಲಿ, ಮಗಳು ಕಾಲೇಜಿನಲ್ಲಿ. ಆದ್ದರಿಂದ ಉದಾಹರಣೆಗೆ ಮೆಕ್ಕೆಜೋಳವನ್ನೇ ತೆಗೆದುಕೊಂಡಿದ್ದೇನೆ.

ಮೊದಲು ಸರಿಯಾದ ಲೆಕ್ಕ

ಮೆಕ್ಕೆಜೋಳದ ಒಂದು ಲೋಡು ಬಂತು ಅಂದುಕೊಳ್ಳಿ. 6 ಚೀಲಗಳಿಂದ ಒಂದೊಂದು ಹಿಡಿ ಕಾಳು ತೆಗೆದು ತೇವಾಂಶದ ಮೀಟರಿಗೆ ಹಾಕಿದರು. ಬಂದ ರೀಡಿಂಗ್ ಹೀಗಿವೆ: 13.2, 14.1, 13.8, 15.0, 14.4, 13.5. ಎಲ್ಲವೂ ಶೇಕಡಾ ಲೆಕ್ಕ.

ಮೊತ್ತ 84, ಸರಾಸರಿ 14. ಬೆಂಬಲ ಬೆಲೆಯ ಖರೀದಿಗೆ ತೇವಾಂಶ ಶೇ 14 ಮೀರಬಾರದು ಅನ್ನುತ್ತಾರಲ್ಲ, ಈ ಲೋಡಿನ ಸರಾಸರಿ ಸರಿಯಾಗಿ ಅದೇ ಗೆರೆಯ ಮೇಲೆ ಕೂತಿದೆ. ಆದರೆ 3 ಚೀಲ ಗೆರೆ ದಾಟಿವೆ. ಒಂದಂತೂ 15ಕ್ಕೆ ಹೋಗಿದೆ, ರಸ್ತೆ ಮೇಲೆ ಒಣಗಿಸುವಾಗ ಅಂಚಿನಲ್ಲಿ ಉಳಿದ ರಾಶಿಯೋ ಏನೋ. ಸರಾಸರಿ ಮಾತ್ರ ನೋಡಿದರೆ ಇದು ಕಾಣುವುದಿಲ್ಲ. ಅದಕ್ಕೇ ಎಸ್‌ಡಿ ಬೇಕಾಗಿರುವುದು.

ಪ್ರತಿ ರೀಡಿಂಗಿನಿಂದ 14 ಕಳೆಯಿರಿ: −0.8, 0.1, −0.2, 1.0, 0.4, −0.5. ಇವೇ ವಿಚಲನೆಗಳು. ಇವನ್ನು ಕೂಡಿದರೆ ಸೊನ್ನೆ ಬರಲೇಬೇಕು. ಬರಲಿಲ್ಲ ಅಂದರೆ ಸರಾಸರಿ ತಪ್ಪಿದೆ, ಮುಂದೆ ಹೋಗಬೇಡಿ. ಒಂದೊಂದರ ವರ್ಗ: 0.64, 0.01, 0.04, 1.00, 0.16, 0.25. ಮೊತ್ತ 2.10. ಇದನ್ನು 6ರಿಂದ ಭಾಗಿಸಿದರೆ 0.35, ಅದರ ವರ್ಗಮೂಲ 0.592. 5ರಿಂದ ಭಾಗಿಸಿದರೆ 0.42, ಅದರ ವರ್ಗಮೂಲ 0.648.

ಎರಡು ಉತ್ತರ ಯಾಕೆ ಅನ್ನುವುದು ಮುಂದೆ ಬರುತ್ತದೆ. ಸದ್ಯಕ್ಕೆ 2.10 ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಮುಂದಿನ ಅರ್ಧ ಪತ್ತೇದಾರಿಕೆ ಅದರ ಮೇಲೇ ನಿಂತಿದೆ.

ಉತ್ತರಕ್ಕೆ ಎರಡೂ ಕಡೆ ಬೇಲಿ

ತಪ್ಪು ಹುಡುಕುವ ಮೊದಲು ಒಂದು ನಿಮಿಷ ಇದಕ್ಕೆ ಕೊಡಿ. ಅತಿ ದೊಡ್ಡ ರೀಡಿಂಗಿನಿಂದ ಅತಿ ಚಿಕ್ಕದನ್ನು ಕಳೆಯಿರಿ. 15.0 ಕಳೆ 13.2, ಅಂದರೆ 1.8. ಇದು ವ್ಯಾಪ್ತಿ. ಈ 1.8 ಒಂದನ್ನೇ ಇಟ್ಟುಕೊಂಡು ಎಸ್‌ಡಿ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅಂತ ಹೇಳಬಹುದು.

ಅತಿ ಜಾಸ್ತಿ ಚದುರಿದ ಸ್ಥಿತಿ ಯಾವುದು? 3 ಚೀಲ 13.2ರಲ್ಲಿ, 3 ಚೀಲ 15.0ರಲ್ಲಿ. ಆಗ ಪ್ರತಿ ಚೀಲವೂ ನಡುವಿನಿಂದ 0.9 ದೂರ. 0.9ರ ವರ್ಗ 0.81, ಅಂಥವು 6, ಒಟ್ಟು 4.86. ಅತಿ ಕಡಿಮೆ ಚದುರಿದ ಸ್ಥಿತಿ? ಎರಡು ಚೀಲ ಎರಡು ತುದಿಯಲ್ಲಿ, ಉಳಿದ ನಾಲ್ಕೂ ನಟ್ಟನಡುವೆ. ಆಗ 0.81 ಎರಡು ಸಲ, ಅಂದರೆ 1.62. ಹಾಗಾದರೆ ವರ್ಗಗಳ ಮೊತ್ತ 1.62ರಿಂದ 4.86ರ ಒಳಗೇ ಇರಬೇಕು, ಬೇರೆ ದಾರಿಯೇ ಇಲ್ಲ. 6ರಿಂದ ಭಾಗಿಸುವವರಿಗೆ ಎಸ್‌ಡಿ 0.52ರಿಂದ 0.90. 5ರಿಂದ ಭಾಗಿಸುವವರಿಗೆ 0.57ರಿಂದ 0.99.

ನಿಮ್ಮ ಉತ್ತರ ಈ ಬೇಲಿಯ ಹೊರಗಿದ್ದರೆ ಲೆಕ್ಕದ ವಿಧಾನದಲ್ಲಿ ತಪ್ಪಿದೆ ಅಥವಾ ಬೇರೆ ಅಂಕಿ ಒಳಗೆ ಸೇರಿದೆ. ಬೇಲಿಯ ಒಳಗಿದ್ದೂ ತಾಳೆ ಆಗದಿದ್ದರೆ ಭಾಜಕ ಬೇರೆ ಇರಬಹುದು, ಇಲ್ಲವೇ ಒಂದು ಅಂಕಿ ಸದ್ದಿಲ್ಲದೆ ಬಿಟ್ಟುಹೋಗಿರಬಹುದು. ಈ ಎರಡನೇ ಗುಂಪೇ ಜಾಸ್ತಿ ಕಾಡುವುದು.

ಬೇಲಿಯ ಹೊರಗೆ, ಕೆಳಗಡೆ ಬಿದ್ದ ಉತ್ತರಗಳು

0.35 ಅಥವಾ 0.42 ಬಂದಿದ್ದರೆ ವರ್ಗಮೂಲ ತೆಗೆದಿಲ್ಲ. ನಿಮ್ಮ ಕೈಯಲ್ಲಿರುವುದು ವೇರಿಯನ್ಸ್. ವರ್ಗಮೂಲ ಮರೆತರೆ ಉತ್ತರ ದೊಡ್ಡದಾಗಿ ಬರುತ್ತದೆ ಅಂತ ಕ್ಲಾಸಿನಲ್ಲಿ ಹೇಳಿರುತ್ತಾರೆ. ಎಸ್‌ಡಿ 1ಕ್ಕಿಂತ ಜಾಸ್ತಿ ಇದ್ದಾಗ ಮಾತ್ರ ಅದು ನಿಜ. ಇಲ್ಲಿ 1ಕ್ಕಿಂತ ಕಡಿಮೆ ಇದೆ, ಆದ್ದರಿಂದ ವರ್ಗ ಇನ್ನೂ ಚಿಕ್ಕದಾಗಿದೆ. "ಉತ್ತರ ಚಿಕ್ಕದಿದೆ, ಹಾಗಾದರೆ ವರ್ಗಮೂಲ ತೆಗೆದಿದ್ದೇನೆ" ಅಂತ ನಂಬಿಕೊಂಡು ಕೂತವರು ಬೇರೆ ಕಡೆ ತಪ್ಪು ಹುಡುಕುತ್ತಾ ಸುಮ್ನೆ ಸಮಯ ಕಳೆಯುತ್ತಾರೆ.

ಸರಿಯಾಗಿ 0.50 ಬಂದಿದ್ದರೆ, ನೀವು ಮೈನಸ್ ಗುರುತು ತೆಗೆದು ಹಾಗೇ ಕೂಡಿ 6ರಿಂದ ಭಾಗಿಸಿದ್ದೀರಿ. 0.8, 0.1, 0.2, 1.0, 0.4, 0.5 ಸೇರಿ 3.0. ಇದಕ್ಕೆ ಸರಾಸರಿ ವಿಚಲನೆ ಅಂತಾರೆ. ಚದುರಿಕೆಯನ್ನು ಅಳೆಯುವ ಇನ್ನೊಂದು ಅಳತೆ ಅದು, ಅದನ್ನು ಕೆಟ್ಟದ್ದು ಅಂತ ಹೇಳುವುದಿಲ್ಲ. ಪ್ರಶ್ನೆ ಕೇಳಿದ್ದು ಅದನ್ನಲ್ಲ, ಅಷ್ಟೇ. ಅದು ಎಸ್‌ಡಿಗಿಂತ ಯಾವತ್ತೂ ಜಾಸ್ತಿ ಆಗುವುದಿಲ್ಲ.

0.24 ಅಥವಾ 0.29 ಬಂದರೆ ಕ್ರಮ ತಪ್ಪಿದೆ. ಮೊದಲು ವರ್ಗಮೂಲ, ಆಮೇಲೆ ಭಾಗಾಕಾರ ಮಾಡಿದ್ದೀರಿ. 2.1ರ ವರ್ಗಮೂಲ 1.449, ಅದನ್ನು 6ರಿಂದ ಭಾಗಿಸಿದರೆ 0.24, 5ರಿಂದಾದರೆ 0.29. ವರ್ಗಮೂಲದ ಗುರುತು ಒತ್ತಿ 2.1 ÷ 5 ಅಂತ ಹೊಡೆದರೆ ಎಷ್ಟೋ ಕ್ಯಾಲ್ಕುಲೇಟರ್‌ಗಳಲ್ಲಿ ಮೂಲ 2.1ಕ್ಕೆ ಮಾತ್ರ ಹಿಡಿಯುತ್ತದೆ. ಬ್ರಾಕೆಟ್ ಹಾಕಿ. ಇಲ್ಲದಿದ್ದರೆ ಮೊದಲು ಭಾಗಿಸಿ ಸಮ ಒತ್ತಿ, ಆಮೇಲೆ ಮೂಲ ತೆಗೆಯಿರಿ.

0.20 ಅಥವಾ 0.22 ಬಂದಿದ್ದರೆ ತಮಾಷೆಯಾಗಿದೆ. ಕ್ಯಾಲ್ಕುಲೇಟರಿನಲ್ಲಿ ಮೈನಸ್ 0.8 ಅಂತ ಹೊಡೆದು ವರ್ಗದ ಬಟನ್ ಒತ್ತಿದ್ದೀರಿ, ಅದು 0.8ಕ್ಕೆ ಮಾತ್ರ ವರ್ಗ ಮಾಡಿ ಮುಂದೆ ಮೈನಸ್ ಇಟ್ಟಿದೆ. ಅಂದರೆ −0.64. ಹೀಗೆ ಮೂರು ವಿಚಲನೆಗಳ ವರ್ಗ ಮೈನಸ್ ಆಗಿ ಸೇರಿ ಮೊತ್ತ 2.10ರ ಬದಲು 0.24 ಆಗಿದೆ. ಯಾವ ಸಂಖ್ಯೆಯ ವರ್ಗವೂ ಮೈನಸ್ ಆಗಲಾರದು. ಆ ಕಾಲಮ್ಮಿನಲ್ಲಿ ಒಂದೇ ಒಂದು ಮೈನಸ್ ಕಂಡರೂ ಅಲ್ಲೇ ನಿಲ್ಲಿ. ಎಕ್ಸೆಲ್‌ನಲ್ಲಿ ಇದೇ ಲೆಕ್ಕ ಉಲ್ಟಾ. ಅಲ್ಲಿ ಸಮ ಗುರುತಿನ ಮುಂದೆ ನೇರವಾಗಿ −0.8ರ ವರ್ಗ ಅಂತ ಬರೆದರೆ ಪ್ಲಸ್ 0.64 ಬರುತ್ತದೆ. ಎರಡನ್ನೂ ಬಳಸುವವರಿಗೆ ಗೊಂದಲ ಆಗದೆ ಇರುತ್ತದಾ?

ಸೊನ್ನೆ ಬಂದರೆ ವರ್ಗ ಮಾಡುವುದನ್ನೇ ಮರೆತಿದ್ದೀರಿ. ಎಲ್ಲ ಚೀಲದ ರೀಡಿಂಗ್ ಒಂದೇ ಇದ್ದಾಗ ಬಿಟ್ಟರೆ ಬೇರೆ ಯಾವಾಗಲೂ ಎಸ್‌ಡಿ ಸೊನ್ನೆ ಆಗುವುದಿಲ್ಲ.

0.592 ಬಂತು, ಪುಸ್ತಕದಲ್ಲಿ 0.648 ಇದೆ

ಇದು ಬಹಳ ಜನ ಕೇಳುವ ದೂರು. ಮಂಡಿಯ ಗುಮಾಸ್ತನೊಬ್ಬ ಫೋನು, ಲ್ಯಾಪ್‌ಟಾಪು ಎರಡೂ ಹಿಡಿದು ಬಂದು ಕೇಳಿದ್ದು ಇದನ್ನೇ: "ಅಣ್ಣಾ, ಇದ್ರಾಗೆ ಒಂದು ಬರ್ತದೆ, ಅದ್ರಾಗೆ ಇನ್ನೊಂದು ಬರ್ತದೆ. ಸಾವ್ಕಾರ್ರಿಗೆ ಯಾವ್ದು ಹೇಳ್ಲಿ?"

ಪರೀಕ್ಷೆ ಸುಲಭ. ದೊಡ್ಡ ಉತ್ತರವನ್ನು ಚಿಕ್ಕದರಿಂದ ಭಾಗಿಸಿ. 0.648 ÷ 0.592 ಅಂದರೆ ಸುಮಾರು 1.095. ಈಗ 6 ÷ 5 ಅಂದರೆ 1.2, ಅದರ ವರ್ಗಮೂಲ 1.095. ಎರಡೂ ಒಂದೇ ಆದರೆ ಲೆಕ್ಕದಲ್ಲಿ ತಪ್ಪೇ ಇಲ್ಲ. ಒಬ್ಬರು ಎನ್‌ನಿಂದ, ಅಂದರೆ ಅಂಕಿಗಳ ಸಂಖ್ಯೆಯಿಂದ, ಭಾಗಿಸಿದ್ದಾರೆ, ಇನ್ನೊಬ್ಬರು ಎನ್‌ನಲ್ಲಿ ಒಂದು ಕಳೆದು ಭಾಗಿಸಿದ್ದಾರೆ. 5 ಅಂಕಿ ಇದ್ದರೆ ಈ ಅನುಪಾತ 1.118, 10 ಇದ್ದರೆ 1.054, 30 ಇದ್ದರೆ 1.017. ಅಂಕಿ ಜಾಸ್ತಿ ಆದಂತೆ ಜಗಳ ತಾನಾಗಿಯೇ ಕರಗುತ್ತದೆ. ಸಣ್ಣ ಲೆಕ್ಕದಲ್ಲಿ ಮಾತ್ರ ಇದು ಎದ್ದು ಕಾಣುತ್ತದೆ.

ಯಾಕೆ ಒಂದು ಕಳೆಯುವುದು? ವಿಚಲನೆಗಳ ಮೊತ್ತ ಸೊನ್ನೆ ಆಗಲೇಬೇಕು ಅಂದೆವಲ್ಲ. ಅಂದರೆ ಐದು ವಿಚಲನೆ ಗೊತ್ತಾದ ಮೇಲೆ ಆರನೆಯದಕ್ಕೆ ಸ್ವಾತಂತ್ರ್ಯ ಇಲ್ಲ, ಅದು ಲೆಕ್ಕದಿಂದಲೇ ಬಂದುಬಿಡುತ್ತದೆ. ನಿಜವಾಗಿ ಹೊಸ ಸುದ್ದಿ ಕೊಡುವುದು ಐದೇ. ಇನ್ನೊಂದು ರೀತಿ ಹೇಳುವುದಾದರೆ, ಇಡೀ ಲೋಡಿನ ನಿಜವಾದ ಸರಾಸರಿ ನಮಗೆ ಗೊತ್ತಿಲ್ಲ. ಈ 6 ಚೀಲಗಳ ಸರಾಸರಿಯಿಂದಲೇ ದೂರ ಅಳೆದಿದ್ದೇವೆ. ಆ ಸರಾಸರಿ ಈ ಆರಕ್ಕೇ ಹತ್ತಿರ ಇರುವಂತೆ ಹುಟ್ಟಿದ್ದು, ಹಾಗಾಗಿ ದೂರಗಳು ಸ್ವಲ್ಪ ಕಡಿಮೆಯೇ ಬರುತ್ತವೆ. ಕಡಿಮೆ ಸಂಖ್ಯೆಯಿಂದ ಭಾಗಿಸಿ ಅದನ್ನು ಸರಿದೂಗಿಸುತ್ತಾರೆ. ಜರ್ಮನಿಯ ಖಗೋಳ ವಿಜ್ಞಾನಿ ಫ್ರೆಡ್ರಿಕ್ ಬೆಸೆಲ್ ಹೆಸರಲ್ಲಿ ಇದನ್ನು ಬೆಸೆಲ್ ತಿದ್ದುಪಡಿ ಅಂತ ಕರೆಯುತ್ತಾರೆ.

ಯಾವುದನ್ನು ಬಳಸಬೇಕು? ಆ 6 ಚೀಲವೇ ನಿಮ್ಮ ಪೂರ್ತಿ ಸರಕು ಆಗಿದ್ದರೆ 6ರಿಂದ ಭಾಗಿಸಿ. ಆರನ್ನು ನೋಡಿ ಇಡೀ ಲೋಡಿನ ಬಗ್ಗೆ ಮಾತಾಡುವುದಾದರೆ 5ರಿಂದ. ಸಾವ್ಕಾರರಿಗೆ ಬೇಕಾಗಿರುವುದು ಲೋಡಿನ ಸುದ್ದಿ, ಆದ್ದರಿಂದ 0.648. ಪರೀಕ್ಷೆಯಲ್ಲಿ ಮಾತ್ರ ನಿಮ್ಮ ಪುಸ್ತಕದ ಸೂತ್ರ ಏನಿದೆಯೋ ಅದೇ. ಪಿಯು ಗಣಿತದಲ್ಲಿ ಎನ್‌ನಿಂದಲೇ ಭಾಗಿಸುತ್ತಾರೆ. ಅಲ್ಲಿ ನಿಮ್ಮ ಬುದ್ಧಿವಂತಿಕೆ ತೋರಿಸಲು ಹೋಗಿ ಅಂಕ ಕಳೆದುಕೊಳ್ಳಬೇಡಿ.

ಸಾಫ್ಟ್‌ವೇರ್‌ಗಳೂ ಒಂದೇ ಮಾತಿಗೆ ಬರುವುದಿಲ್ಲ. ಎಕ್ಸೆಲ್‌ನಲ್ಲಿ ಎಸ್‌ಡಿ ತೆಗೆಯುವ ಹಳೇ ಸೂತ್ರ ಎಸ್‌ಟಿಡೆವ್ (STDEV) ಒಂದು ಕಳೆದು ಭಾಗಿಸುತ್ತದೆ. 2010ರ ಆವೃತ್ತಿಯಿಂದ ಎಸ್‌ಟಿಡೆವ್ ಡಾಟ್ ಎಸ್, ಎಸ್‌ಟಿಡೆವ್ ಡಾಟ್ ಪಿ ಅಂತ ಎರಡು ಬಂದವು. ಎಸ್ ಅಂದರೆ ಸ್ಯಾಂಪಲ್, ಅದು 5ರಿಂದ ಭಾಗಿಸುತ್ತದೆ. ಪಿ ಅಂದರೆ ಪಾಪ್ಯುಲೇಶನ್, ಅದು 6ರಿಂದ. ಪೈಥಾನ್ ಕಲಿಯುವವರಿಗೆ ಇನ್ನೂ ಮಜಾ ಇದೆ. ಅದರ ಲೆಕ್ಕದ ಲೈಬ್ರರಿ ನಂಪೈ ಸುಮ್ನೆ ಕೇಳಿದರೆ ಎನ್‌ನಿಂದ ಭಾಗಿಸುತ್ತದೆ, ಅದರ ಮೇಲೇ ಕಟ್ಟಿದ ಇನ್ನೊಂದು ಲೈಬ್ರರಿ ಪಾಂಡಾಸ್ ಒಂದು ಕಳೆಯುತ್ತದೆ. ಒಂದೇ ಪ್ರೋಗ್ರಾಮಿನಲ್ಲಿ ಎರಡೂ ಇದ್ದರೆ ಒಂದೇ ಡೇಟಾಗೆ ಎರಡು ಎಸ್‌ಡಿ ಬರುತ್ತವೆ, ಎರಡೂ ಸರಿ.

ಕ್ಯಾಲ್ಕುಲೇಟರ್ ಹಳೇದನ್ನು ಮರೆತಿಲ್ಲ

ಕ್ಯಾಸಿಯೋ ಎಫ್‌ಎಕ್ಸ್ 82 ಎಂಎಸ್ ಬಹಳ ಜನರ ಹತ್ತಿರ ಇದೆ, ಅದನ್ನೇ ಹೇಳುತ್ತೇನೆ. ಮೋಡ್ ಒತ್ತಿ 2 ಒತ್ತಿದರೆ ಎಸ್‌ಡಿ ಮೋಡ್. ಒಂದೊಂದು ಅಂಕಿ ಹೊಡೆದು ಎಂ ಪ್ಲಸ್ ಒತ್ತುತ್ತಾ ಹೋಗಬೇಕು. ಪ್ರತಿ ಸಲ ಪರದೆಯ ಮೇಲೆ ಎನ್ ಎಷ್ಟಾಯಿತು ಅಂತ ತೋರಿಸುತ್ತದೆ. ಕೊನೆಗೆ ಶಿಫ್ಟ್ 2 ಒತ್ತಿದರೆ ಮೂರು ಆಯ್ಕೆ ಬರುತ್ತವೆ. ಮೊದಲನೆಯದು ಸರಾಸರಿ, ಎರಡನೆಯದು ಎನ್‌ನಿಂದ ಭಾಗಿಸಿದ ಎಸ್‌ಡಿ, ಮೂರನೆಯದು ಒಂದು ಕಳೆದು ಭಾಗಿಸಿದ ಎಸ್‌ಡಿ.

ಇಲ್ಲಿ ಆಗುವ ದೊಡ್ಡ ಅನಾಹುತ ಅಂದರೆ ಹಿಂದಿನ ಲೆಕ್ಕದ ಅಂಕಿಗಳು ಒಳಗೇ ಉಳಿದಿರುವುದು. ಎಸಿ ಬಟನ್ ಪರದೆಯನ್ನು ಒರೆಸುತ್ತದೆಯೇ ಹೊರತು ಈ ಅಂಕಿಗಳನ್ನು ಅಳಿಸುವುದಿಲ್ಲ. ಶಿಫ್ಟ್, ಆಮೇಲೆ ಮೋಡ್ ಬಟನ್, ಆಮೇಲೆ 1, ಆಮೇಲೆ ಸಮ. ಹೀಗೆ ಮಾಡಿದರೆ ಖಾಲಿ ಆಗುತ್ತದೆ (ಹೊಸ ಮಾದರಿಯಲ್ಲಿ ಬಟನ್ ಬೇರೆ ಇರಬಹುದು). ಮೊದಲ ಅಂಕಿ ಹಾಕಿದ ತಕ್ಷಣ ಎನ್ 1 ಅಂತ ತೋರಿಸಿದರೆ ಸರಿ. 7 ಅಂತ ತೋರಿಸಿದರೆ ಹಳೇ ಆರು ಒಳಗೇ ಕೂತಿವೆ.

ಅದೇ ಅಂಕಿಗಳನ್ನು ಅಳಿಸದೆ ಎರಡನೇ ಸಲ ಹಾಕಿದರೆ ಏನಾಗುತ್ತದೆ ನೋಡಿ. ಎನ್ 12 ಆಗುತ್ತದೆ, ವರ್ಗಗಳ ಮೊತ್ತ 4.20 ಆಗುತ್ತದೆ. ಎನ್‌ನಿಂದ ಭಾಗಿಸಿದ ಎಸ್‌ಡಿ ಕದಲುವುದೇ ಇಲ್ಲ, 0.592 ಹಾಗೇ ಇರುತ್ತದೆ. ಇನ್ನೊಂದು ಮಾತ್ರ 0.648ರಿಂದ 0.618ಕ್ಕೆ ಇಳಿಯುತ್ತದೆ. ಒಂದು ಸರಿ ಬಂದು ಇನ್ನೊಂದು ತಪ್ಪಿದರೆ ಕ್ಯಾಲ್ಕುಲೇಟರ್ ಕೆಟ್ಟಿದೆ ಅಂತ ಅಂಗಡಿಗೆ ಒಯ್ಯಬೇಡಿ. ಎನ್ ನೋಡಿ.

ಉತ್ತರ 51.86 ಬಂದರೆ? 14.1 ಹೊಡೆಯುವಾಗ ಚುಕ್ಕೆ ಬಿಟ್ಟು 141 ಹೊಡೆದಿದ್ದೀರಿ. ಸರಾಸರಿ ನೋಡಿದರೆ ಗೊತ್ತಾಗುತ್ತದೆ. ಅದು 35.15 ಆಗಿರುತ್ತದೆ, ಐದು ಚೀಲದ ರೀಡಿಂಗಿಗಿಂತಲೂ ಜಾಸ್ತಿ. ಸಣ್ಣ ಲೆಕ್ಕದಲ್ಲಿ ಸರಾಸರಿ ಒಂದನ್ನು ಬಿಟ್ಟು ಉಳಿದೆಲ್ಲ ಅಂಕಿಗಳಿಗಿಂತ ಮೇಲೆ ಅಥವಾ ಕೆಳಗೆ ಹೋಗಿದ್ದರೆ ಆ ಒಂದನ್ನು ಹಿಡಿದು ವಿಚಾರಿಸಿ.

ಎಕ್ಸೆಲ್ ಹೇಳದೆ ಬಿಟ್ಟ ಅಂಕಿ

ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟ ತಪ್ಪು ಇದು, ಯಾಕೆಂದರೆ ಇಲ್ಲಿ ಯಾವ ಎರರೂ ಬರುವುದಿಲ್ಲ. ವಾಟ್ಸಾಪಿನಲ್ಲಿ ಬಂದ ರೀಡಿಂಗುಗಳನ್ನು ಕಾಪಿ ಮಾಡಿ ಹಾಕಿದ್ದೀರಿ. ಅದರಲ್ಲಿ ಒಂದು ಕಡೆ "14.1 ಪರ್ಸೆಂಟ್" ಅಂತ ಇತ್ತು. ಎಕ್ಸೆಲ್‌ಗೆ ಅದು ಅಂಕಿಯಲ್ಲ, ಅಕ್ಷರ. ಎಸ್‌ಟಿಡೆವ್ ಅದನ್ನು ಮೆಲ್ಲಗೆ ಬಿಟ್ಟು ಉಳಿದ ಐದಕ್ಕೆ ಲೆಕ್ಕ ಮಾಡುತ್ತದೆ. ಉತ್ತರ 0.722. ಬೇಲಿಯ ಒಳಗೇ ಇದೆ, ನೋಡಲು ಚೆನ್ನಾಗಿಯೇ ಇದೆ, ಸರಾಸರಿ ಕೂಡ 13.98, ಯಾರಿಗೂ ಅನುಮಾನ ಬರುವುದಿಲ್ಲ.

ಕಂಡುಹಿಡಿಯುವುದು ಹೇಗೆ? ಅಕ್ಷರ ಅಂತ ತಿಳಿದದ್ದನ್ನು ಎಕ್ಸೆಲ್ ಸಾಮಾನ್ಯವಾಗಿ ಸೆಲ್ಲಿನ ಎಡಕ್ಕೆ ಒತ್ತಿಡುತ್ತದೆ, ಅಂಕಿಯನ್ನು ಬಲಕ್ಕೆ. ಆದರೆ ಯಾರೋ ಎಲ್ಲವನ್ನೂ ನಡುವೆ ತಂದು ಚೆಂದ ಮಾಡಿದ್ದರೆ ಈ ಗುರುತೂ ಹೋಯಿತು. ಆದ್ದರಿಂದ ಕೌಂಟ್ ಹಾಕಿ. ಕೌಂಟ್ ಅಂಕಿಗಳನ್ನು ಮಾತ್ರ ಎಣಿಸುತ್ತದೆ, ಕೌಂಟ್ ಎ ಖಾಲಿ ಇಲ್ಲದ ಎಲ್ಲ ಸೆಲ್ಲುಗಳನ್ನೂ ಎಣಿಸುತ್ತದೆ. ಒಂದು 5, ಇನ್ನೊಂದು 6 ಬಂದರೆ ಕಳ್ಳ ಸಿಕ್ಕ. ಎಸ್‌ಡಿಯ ಪಕ್ಕದ ಸೆಲ್ಲಿನಲ್ಲಿ ಕೌಂಟ್ ಇಲ್ಲದ ಶೀಟನ್ನು ನಾನಂತೂ ನಂಬುವುದಿಲ್ಲ.

ಪರ್ಸೆಂಟ್ ಗುರುತೂ ತೊಂದರೆ ಕೊಡುತ್ತದೆ. 14.1ರ ಪಕ್ಕ ಆ ಗುರುತು ಹಾಕಿದರೆ ಎಕ್ಸೆಲ್ ಒಳಗೆ 0.141 ಅಂತ ಇಟ್ಟುಕೊಳ್ಳುತ್ತದೆ. ಆರಕ್ಕೂ ಹಾಕಿದ್ದರೆ ಎಸ್‌ಡಿ 0.00648 ಬರುತ್ತದೆ, ನೂರು ಪಟ್ಟು ಕಡಿಮೆ, ಆದರೆ ತಪ್ಪಲ್ಲ, ನೂರರಿಂದ ಗುಣಿಸಿಕೊಂಡರೆ ಆಯಿತು. ಒಂದಕ್ಕೆ ಮಾತ್ರ ಹಾಕಿದ್ದರೆ ಎಸ್‌ಡಿ 5.69ಕ್ಕೆ ಹಾರುತ್ತದೆ.

ಅದೇ ಥರದ ಇನ್ನೊಂದು: ಏಳನೇ ಚೀಲದ ರೀಡಿಂಗ್ ಸಿಗಲಿಲ್ಲ, ಖಾಲಿ ಬಿಡುವ ಬದಲು 0 ಹಾಕಿದರು. ಸರಾಸರಿ 12ಕ್ಕೆ ಬಿತ್ತು, ಎಸ್‌ಡಿ 5.32 ಆಯಿತು. ಯಾವ ಚೀಲವೂ 13ಕ್ಕಿಂತ ಕಡಿಮೆ ಇಲ್ಲದಾಗ ಸರಾಸರಿ 12 ಹೇಗೆ? ಸೊನ್ನೆ ತೇವಾಂಶದ ಮೆಕ್ಕೆಜೋಳ ಯಾರ ಕಣದಲ್ಲೂ ಇಲ್ಲ, ತೆಗೆದುಹಾಕಿ. ಆದರೆ ಸೊನ್ನೆ ಕಂಡಲ್ಲೆಲ್ಲ ಅಳಿಸುವ ಚಾಳಿಯೂ ಬೇಡ. ಚಿತ್ರದುರ್ಗದ ತಿಂಗಳ ಮಳೆಯ ಲೆಕ್ಕದಲ್ಲಿ ಜನವರಿಗೆ 0 ಇದ್ದರೆ ಅದು ನಿಜವಾದ ಸೊನ್ನೆ, ಮಳೆ ಬಂದಿಲ್ಲ ಅಂತ ಅರ್ಥ. ಅದನ್ನು ತೆಗೆದರೆ ಚಳ್ಳಕೆರೆ ಕಡೆಯ ಬರ ಲೆಕ್ಕದಿಂದಲೇ ಮಾಯ.

ಮ್ಯಾತ್ ಎರರ್ ಬರುತ್ತಿದೆ

ವಿಚಲನೆ ತೆಗೆಯುವ ಬದಲು ಅಡ್ಡದಾರಿ ಸೂತ್ರ ಬಳಸುವವರಿಗೆ ಇದು ಬರುತ್ತದೆ. ಎಲ್ಲ ಅಂಕಿಗಳ ವರ್ಗ ಕೂಡಿ, ಅದರಿಂದ ಸರಾಸರಿಯ ವರ್ಗವನ್ನು ಎನ್‌ನಿಂದ ಗುಣಿಸಿ ಕಳೆಯುವ ಸೂತ್ರ. ನಮ್ಮ 6 ಚೀಲಕ್ಕೆ ಇದು ಚೆನ್ನಾಗಿ ನಡೆಯುತ್ತದೆ: 1178.10 ಕಳೆ 1176, ಉಳಿದದ್ದು 2.10. ಸರಾಸರಿ ದುಂಡಗೆ 14 ಇದ್ದದ್ದರಿಂದ ಬಚಾವ್.

ಈಗ 14.6 ಬಂದ ಏಳನೇ ಚೀಲ ಸೇರಿಸಿ. ಮೊತ್ತ 98.6, ಸರಾಸರಿ 14.0857 ಹೀಗೆ ಹೋಗುತ್ತದೆ. ವರ್ಗಗಳ ಮೊತ್ತ 1391.26. ಸರಾಸರಿಯನ್ನು 14.1 ಅಂತ ಬರೆದುಕೊಂಡರೆ ಅದರ ವರ್ಗ 198.81, ಏಳರಿಂದ ಗುಣಿಸಿದರೆ 1391.67. ಕಳೆದರೆ −0.41. ಮೈನಸ್ ಸಂಖ್ಯೆಗೆ ವರ್ಗಮೂಲ ಎಲ್ಲಿಂದ ತರುವುದು? ಕ್ಯಾಲ್ಕುಲೇಟರ್ ಕೈ ಎತ್ತಿತು. ಇದು ಒಳ್ಳೆಯ ಸುದ್ದಿ, ಕನಿಷ್ಠ ತಪ್ಪು ಗೊತ್ತಾಯಿತಲ್ಲ. 14.09 ಅಂತ ಹಾಕಿದವರಿಗೆ 0.51 ಬರುತ್ತದೆ, 14.086 ಹಾಕಿದವರಿಗೆ 0.626. ಎರಡೂ ಉತ್ತರದ ಹಾಗೇ ಕಾಣುತ್ತವೆ. ಸರಿಯಾದದ್ದು 0.634 (ಮೂರರಲ್ಲೂ ಏಳರಲ್ಲಿ ಒಂದು ಕಳೆದು 6ರಿಂದ ಭಾಗಿಸಿದೆ).

ಕಾರಣ ಇಷ್ಟೇ. ಹತ್ತಿರ ಹತ್ತಿರ 1390 ಇರುವ ಎರಡು ದೊಡ್ಡ ಸಂಖ್ಯೆಗಳನ್ನು ಕಳೆದು 2.4 ಹುಡುಕುತ್ತಿದ್ದೇವೆ. ದೊಡ್ಡದರಲ್ಲಿ ಚೂರು ಆಚೀಚೆ ಆದರೂ ಉಳಿಕೆ ಪೂರ್ತಿ ಕೆಡುತ್ತದೆ. ಅದೇ 14.1 ಇಟ್ಟುಕೊಂಡು ವಿಚಲನೆಯ ದಾರಿಯಲ್ಲಿ ಹೋಗಿ ನೋಡಿ. ವರ್ಗಗಳ ಮೊತ್ತ 2.41, ಎಸ್‌ಡಿ 0.634. ದುಂಡಾಗಿಸಿದ್ದು ಅಷ್ಟೇ, ಏಟು ಬಿದ್ದೇ ಇಲ್ಲ. ಆದ್ದರಿಂದ ಕೈಲೆಕ್ಕಕ್ಕೆ ವಿಚಲನೆಯ ದಾರಿಯೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅಡ್ಡದಾರಿಯೇ ಬೇಕು ಅಂದರೆ ಸರಾಸರಿ ತೆಗೆಯಲೇಬೇಡಿ, ಮೊತ್ತದ ವರ್ಗವನ್ನು ಎನ್‌ನಿಂದ ಭಾಗಿಸಿ ಕಳೆಯಿರಿ. ಇಲ್ಲವಾದರೆ ಮೊದಲೇ ಎಲ್ಲ ಅಂಕಿಗಳಿಂದ 14 ತೆಗೆದುಬಿಡಿ. ಒಂದೇ ಸಂಖ್ಯೆಯನ್ನು ಎಲ್ಲದರಿಂದ ಕಳೆದರೆ ಎಸ್‌ಡಿ ಬದಲಾಗುವುದಿಲ್ಲ. ಎಕ್ಸೆಲ್ ಕೂಡ 2003ರ ಆವೃತ್ತಿಗೆ ಮೊದಲು ಇದೇ ಅಡ್ಡದಾರಿ ಹಿಡಿದು, ದೊಡ್ಡ ಸಂಖ್ಯೆಗಳು ಬಂದಾಗ ಎಡವುತ್ತಿತ್ತು.

ಆವೃತ್ತಿ ಇರುವ ಪಟ್ಟಿ

ಆವೃತ್ತಿ ಅಂದರೆ ಒಂದೇ ಅಂಕಿ ಎಷ್ಟು ಸಲ ಬಂದಿದೆ ಅನ್ನುವ ಎಣಿಕೆ. 10 ಚೀಲ. 13 ಬಂದವು 2, 14 ಬಂದವು 5, 15 ಬಂದವು 2, 16 ಬಂದದ್ದು 1. ಸರಾಸರಿ 14.2, ವರ್ಗಗಳ ಮೊತ್ತ 7.6. ಎಸ್‌ಡಿ 10ರಿಂದ ಭಾಗಿಸಿದರೆ 0.87, 9ರಿಂದಾದರೆ 0.92.

1.38 ಬಂದಿದ್ದರೆ 7.6ನ್ನು ಸಾಲುಗಳ ಸಂಖ್ಯೆಯಾದ 4ರಿಂದ ಭಾಗಿಸಿದ್ದೀರಿ. ಎನ್ ಅಂದರೆ ಆವೃತ್ತಿಗಳ ಮೊತ್ತ, ಸಾಲುಗಳಲ್ಲ. 1.12 ಬಂದರೆ ಸ್ವಲ್ಪ ಯೋಚಿಸಬೇಕು, ಎರಡು ಬೇರೆ ಬೇರೆ ತಪ್ಪುಗಳು ಇಲ್ಲಿ ಬಂದು ಸೇರುತ್ತವೆ. ಆವೃತ್ತಿಯನ್ನೇ ಮರೆತು 13, 14, 15, 16 ಇಷ್ಟಕ್ಕೆ ಲೆಕ್ಕ ಮಾಡಿ 4ರಿಂದ ಭಾಗಿಸಿದರೆ 1.118. ಆವೃತ್ತಿಯನ್ನು ವಿಚಲನೆಗೆ ಗುಣಿಸಿ ಆಮೇಲೆ ವರ್ಗ ಮಾಡಿದರೆ, ಅಂದರೆ ಆವೃತ್ತಿಗೂ ವರ್ಗ ಬಿದ್ದರೆ, 1.121. ಮೂರನೇ ದಶಮಾಂಶ ನೋಡದೆ ಬೇರೆ ಮಾಡಲು ಆಗುವುದಿಲ್ಲ. ಮೊದಲು ವರ್ಗ, ಆಮೇಲೆ ಆವೃತ್ತಿಯಿಂದ ಗುಣಾಕಾರ.

ವರ್ಗಾಂತರ (10–15, 15–20 ಹೀಗೆ ಗುಂಪು) ಇರುವ ಲೆಕ್ಕದಲ್ಲಿ ವಿಚಲನೆಗಳನ್ನು ಮೊದಲೇ ಗುಂಪಿನ ಗಾತ್ರದಿಂದ ಭಾಗಿಸಿಕೊಂಡಿದ್ದು, ಉತ್ತರ ಸರಿಯಾಗಿ 5 ಪಟ್ಟು ಅಥವಾ 10 ಪಟ್ಟು ಕಡಿಮೆ ಬಂದರೆ ಕೊನೆಯಲ್ಲಿ ವರ್ಗಾಂತರದ ಗಾತ್ರದಿಂದ ಗುಣಿಸುವುದನ್ನು ಬಿಟ್ಟಿದ್ದೀರಿ. ಅಷ್ಟೇ.

ಲೆಕ್ಕ ಸರಿ, ಆದರೂ ಮಾತು ತಪ್ಪು

ಎರಡು ಲೋಡುಗಳ ಎಸ್‌ಡಿ ಕೂಡಿ ಎರಡರಿಂದ ಭಾಗಿಸುವವರಿದ್ದಾರೆ. ಹರಿಹರದ ಕಡೆಯ ಲೋಡು ಸರಾಸರಿ 13, ಜಗಳೂರಿನ ಕಡೆಯದು 15, ಎರಡರ ಎಸ್‌ಡಿಯೂ 0.5 ಅಂದುಕೊಳ್ಳಿ, ಚೀಲಗಳೂ ಸಮ. ಎರಡನ್ನೂ ಬೆರೆಸಿದರೆ ಎಸ್‌ಡಿ 0.5 ಅಲ್ಲ. ಪ್ರತಿ ಲೋಡಿನ ಸರಾಸರಿಯೂ ಒಟ್ಟು ಸರಾಸರಿ 14ರಿಂದ 1 ದೂರ ಇದೆ, ಆ ದೂರವೂ ಸೇರಬೇಕು. 0.25ಕ್ಕೆ 1 ಕೂಡಿಸಿ ವರ್ಗಮೂಲ ತೆಗೆದರೆ 1.12.

ಇನ್ನೊಂದು, ಸರಾಸರಿಯಿಂದ 3 ಎಸ್‌ಡಿ ಆಚೆ ಹೋದ ಅಂಕಿಯನ್ನು ತಪ್ಪು ರೀಡಿಂಗ್ ಅಂತ ತೆಗೆಯುವ ಪದ್ಧತಿ. 10 ಅಥವಾ ಅದಕ್ಕಿಂತ ಕಡಿಮೆ ಅಂಕಿಗಳಿದ್ದು, ಒಂದು ಕಳೆದು ಭಾಗಿಸಿದ ಎಸ್‌ಡಿ ಬಳಸಿದರೆ ಈ ಪದ್ಧತಿ ಯಾರನ್ನೂ ಹಿಡಿಯಲಾರದು. ಒಂದು ಅಂಕಿ ಎಷ್ಟೇ ಹುಚ್ಚಾಪಟ್ಟೆ ಇದ್ದರೂ ಅದು ಎಸ್‌ಡಿಯನ್ನೂ ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. 6 ಅಂಕಿಗಳಲ್ಲಿ ಅತಿ ಜಾಸ್ತಿ ಅಂದರೆ 2.04 ಎಸ್‌ಡಿ ದೂರ, 10ರಲ್ಲಿ 2.85. ಮೇಲೆ 141 ಹೊಡೆದ ಲೆಕ್ಕ ನೆನಪಿದೆಯಾ? ಅಲ್ಲಿ ಆ 141 ಕೂಡ 2.04 ಎಸ್‌ಡಿ ದೂರದಲ್ಲೇ ಇತ್ತು. ಶುದ್ಧ ತಪ್ಪು ಅಂಕಿ, ಆದರೂ ಪರೀಕ್ಷೆಯಲ್ಲಿ ಪಾಸು.

6 ಚೀಲದಿಂದ ಬಂದ 0.648074 ಅನ್ನು ಆರು ದಶಮಾಂಶದವರೆಗೆ ಬರೆಯುವುದರಲ್ಲೂ ಅರ್ಥ ಇಲ್ಲ. ತೇವಾಂಶ ಸಹಜ ವಿತರಣೆಯ (ಗಂಟೆಯಾಕಾರದ ನಾರ್ಮಲ್ ಹರಡಿಕೆಯ) ಹಾಗೆ ಹರಡಿದೆ ಅಂತ ಇಟ್ಟುಕೊಂಡರೆ, ಈ ಆರು ರೀಡಿಂಗಿನಿಂದ ಇಡೀ ಲೋಡಿನ ಎಸ್‌ಡಿಗೆ ಶೇ 95ರ ವಿಶ್ವಾಸದಲ್ಲಿ ಸಿಗುವ ಅಂತರ 0.40ರಿಂದ 1.59. ಅಷ್ಟು ಅಗಲ! 0.65 ಅಂತ ಬರೆದು ಪಕ್ಕದಲ್ಲಿ 6 ಚೀಲ ಅಂತ ನಮೂದಿಸಿ.

ಪುಸ್ತಕವೇ ತಪ್ಪಿದೆಯಾ ಅಂತ ನೋಡಲು

ಮೇಲಿನ ಯಾವುದಕ್ಕೂ ಸೇರದಿದ್ದರೆ ಪುಸ್ತಕದ ಉತ್ತರವನ್ನು ಹಿಂದಕ್ಕೆ ಓಡಿಸಿ. ಅದನ್ನು ವರ್ಗ ಮಾಡಿ, ಮೊದಲು ಎನ್‌ನಿಂದ, ಆಮೇಲೆ ಒಂದು ಕಡಿಮೆ ಮಾಡಿ, ಆಮೇಲೆ ಎರಡು ಕಡಿಮೆ ಮಾಡಿ ಗುಣಿಸಿ. ಉದಾಹರಣೆಗೆ ಉತ್ತರ 0.7225 ಅಂತ ಕೊಟ್ಟಿದ್ದಾರೆ. ವರ್ಗ 0.522. ಆರರಿಂದ ಗುಣಿಸಿದರೆ 3.13, ಐದರಿಂದ 2.61, ನಾಲ್ಕರಿಂದ 2.088. ಮೊದಲೆರಡು ನಿಮ್ಮ 2.10ಕ್ಕೆ ಹೊಂದುವುದಿಲ್ಲ. ಮೂರನೆಯದು ಬಹಳ ಹತ್ತಿರ, ಆದರೆ ಸ್ವಲ್ಪ ಕಡಿಮೆ. 4ರಿಂದ ಭಾಗಿಸಿದ್ದಾರೆ ಅಂದರೆ ಅವರ ಹತ್ತಿರ ಇದ್ದದ್ದು 5 ಅಂಕಿ. ಬಿಟ್ಟುಹೋದದ್ದು ಮೊತ್ತಕ್ಕೆ 0.012 ಮಾತ್ರ ಸೇರಿಸುವಷ್ಟು ಸರಾಸರಿಗೆ ಹತ್ತಿರ ಇರುವ ಅಂಕಿ. ಪಟ್ಟಿಯಲ್ಲಿ ಅಂಥದ್ದು ಒಂದೇ ಇದೆ, 14.1. ಪುಸ್ತಕದ ಲೆಕ್ಕದಲ್ಲಿ ಆ ಸಾಲು ಇದೆಯಾ ಅಂತ ನೋಡಿ.